ಇಂದಿನ ಚಿಂತನೆ: ಗುಂಡು ಬೇಕೆಂದು ಕೇಳಿದವರು ಯಾರು?



1991ರ ಕೊಲ್ಲಿ ಯುದ್ಧಕ್ಕೆ ಅಮೆರಿಕದ ಸೇನೆ ಸುಮಾರು 40,000 ಕಂಟೈನರ್‌ ಕಳಿಸಿತ್ತು. ಯಾವುದರಲ್ಲಿ ಏನಿದೆ ಎಂದು ತಿಳಿಯದೆ ಅರ್ಧಕ್ಕಿಂತ ಹೆಚ್ಚಿನವನ್ನು ಬಾಗಿಲು ತೆಗೆದೇ ನೋಡಬೇಕಾಯಿತು. ಆಮೇಲೆ ಕಂಟೈನರ್‌ಗಳಿಗೆ ರೇಡಿಯೋ ಟ್ಯಾಗ್‌ ಬಂದವು. ಈಗ ಸೆನ್ಸರ್‌ಗಳೇ ದಾಸ್ತಾನು ಎಣಿಸಿ, ನಿಗದಿಗಿಂತ ಕಡಿಮೆಯಾದರೆ ತಾವೇ ಬೇಡಿಕೆ ಕಳಿಸುವ ವ್ಯವಸ್ಥೆಯತ್ತ ಸೇನೆಗಳು ಸಾಗುತ್ತಿವೆ.

ಇದರಲ್ಲಿ ಒಳ್ಳೆಯದೂ ಇದೆ. ಗಾಯಾಳುವಿಗೆ ರಕ್ತ, ಔಷಧಿ ಹೊತ್ತಿಗೆ ಸರಿಯಾಗಿ ಸಿಗಬಹುದು. ಆದರೆ ಅದೇ ದಾರಿಯಲ್ಲಿ ಫಿರಂಗಿ ಗುಂಡೂ ಹೋಗುತ್ತದೆ. ಯಂತ್ರಕ್ಕೆ ಎರಡೂ ಬರೀ ಸಂಖ್ಯೆ.

"ಗುಂಡು ಬೇಕು" ಎಂದು ಒಬ್ಬ ಮನುಷ್ಯ ಬರೆದು ಸಹಿ ಹಾಕುವಾಗ, ಇದು ಯಾರ ಮೇಲೆ ಬೀಳುತ್ತದೋ ಎಂಬ ಯೋಚನೆ ಸುಳಿಯಲು ಒಂದು ಗಳಿಗೆಯಾದರೂ ಇತ್ತು. ಯಂತ್ರವೇ ಕೇಳುವಾಗ ಆ ಗಳಿಗೆ ಇರುವುದಿಲ್ಲ.

ಚೇತನಾ, ಅಂದರೆ ಸಂಕಲ್ಪವೇ ಕಮ್ಮ ಎಂದರು ಭಗವಾನರು. ಹಾಗಾದರೆ ಇಲ್ಲಿ ಸಂಕಲ್ಪ ಯಾರದು? ನನಗೆ ಅನಿಸುವುದಿಷ್ಟು: ಅದು ಮಾಯವಾಗಿಲ್ಲ, ಮೊದಲೇ ಆಗಿಹೋಗಿದೆ. "ಇಷ್ಟಕ್ಕಿಂತ ಇಳಿದರೆ ತರಿಸು" ಎಂದು ಮಿತಿ ಹಾಕಿದವರಲ್ಲಿ, ಅದಕ್ಕೆ ಒಪ್ಪಿಗೆ ಕೊಟ್ಟವರಲ್ಲಿ, ತಿಳಿದೂ ಆ ಪ್ರೋಗ್ರಾಂ ಬರೆದವರಲ್ಲಿ ಅದು ಇದೆ. ವಣಿಜ್ಜಾ ಸುತ್ತದಲ್ಲಿ ಉಪಾಸಕರಿಗೆ ಬೇಡವೆಂದ ಐದು ವ್ಯಾಪಾರಗಳಲ್ಲಿ ಮೊದಲನೆಯದು ಶಸ್ತ್ರದ ವ್ಯಾಪಾರ. ಮಾರುವವನಷ್ಟೇ ಅಲ್ಲ, ಎಣಿಸಿ ಕಳಿಸುವವನೂ ಈ ಮಾತನ್ನು ತನಗೆ ಹೇಳಿದ್ದೆಂದು ಕೇಳಿಸಿಕೊಳ್ಳಬೇಕು ಎಂದೇ ನಾನು ನಂಬುತ್ತೇನೆ.

ಇಂದಿನ ಅಭ್ಯಾಸ: ನಾನು ಎಂದೋ ನಿಗದಿ ಮಾಡಿ ಮರೆತದ್ದು, ಇಂದಿಗೂ ನನ್ನ ಹೆಸರಿನಲ್ಲಿ ನಡೆಯುತ್ತಲೇ ಇರುವುದು ಯಾವುದು? ಐದು ನಿಮಿಷ ಸುಮ್ಮನೆ ಕುಳಿತು ನೋಡೋಣ.

ಭವತು ಸಬ್ಬ ಮಂಗಲಂ 🪷