ಜಾಲಿಯ ಬುಡವೂ ಮಾವಿನ ಗುಣಿಯೂ

(ಓದತಕ್ಕ ಭಾಗಗಳು: ಲೂಕನು 13:6-9, ಯಾಜಕಕಾಂಡ 19:23-25)

ನಮ್ಮ ಬಯಲುಸೀಮೆಯ ಊರುಗಳಲ್ಲಿ ಬಳ್ಳಾರಿ ಜಾಲಿಯನ್ನು ಅರಿಯದವರು ಯಾರು? ಹಿತ್ತಲಿನ ಮೂಲೆಯಲ್ಲಿ, ಬಾವಿಯ ಮಗ್ಗುಲಲ್ಲಿ, ಪ್ರಾರ್ಥನಾಲಯದ ಗೋಡೆಯ ಹಿಂದೆ, ಎಲ್ಲಿ ನೋಡಿದರೂ ಅದೇ. ಆದರೂ ಅದು ನಮ್ಮ ದೇಶದ ಗಿಡವಲ್ಲ. 1877ರಲ್ಲಿ ಅದರ ಬೀಜವನ್ನು ಜಮೈಕಾ ದ್ವೀಪದಿಂದ ತರಿಸಿ ಕಡಪಾ ಸೀಮೆಯಲ್ಲಿ ಬಿತ್ತಿಸಿದರು. ತರಿಸಿದವರು ನಮಗೆ ಕೇಡನ್ನು ಬಯಸಲಿಲ್ಲ. ಮಳೆಯಿಲ್ಲದ ನೆಲದಲ್ಲಿಯೂ ಅದು ಬೆಳೆಯುತ್ತದೆ. ಅದರ ಸೌದೆ ಒಳ್ಳೆಯದು. ಹೂವಿಗೆ ಜೇನುನೊಣಗಳು ಬರುತ್ತವೆ. ಸಿಹಿಯಾದ ಕಾಯಿಗಳನ್ನು ದನಕುರಿಗಳು ಆಸೆಯಿಂದ ತಿನ್ನುತ್ತವೆ. ಒಂದು ಗಿಡವನ್ನು ಖಂಡಿಸುವ ಮುಂಚೆ ಅದರ ಗುಣವನ್ನೂ ಹೇಳುವದು ನ್ಯಾಯ. ನಮ್ಮ ಮನೆಗಳೊಳಗೆ ಬೇರೂರಿದ ಕೇಡುಗಳಲ್ಲಿ ಎಷ್ಟೋ ಹೀಗೆಯೇ ಉಪಕಾರದ ಮುಖವನ್ನು ತೋರಿಸಿ ಒಳಗೆ ಬಂದವುಗಳಲ್ಲವೇ? ಮದುವೆಯ ಸಾಲವು ಮೊದಲು ಎಷ್ಟು ಸುಲಭವಾಗಿ ಬಂತು!

ಈಗ ಅದನ್ನು ತೆಗೆಯುವ ಬಗೆಯನ್ನು ನೋಡಿರಿ. ಬೇಸಿಗೆಯಲ್ಲಿ ಕೊಡಲಿಯನ್ನು ತಕ್ಕೊಂಡು ಜಾಲಿಯನ್ನು ನೆಲದ ಮಟ್ಟಕ್ಕೆ ಕಡಿಯುತ್ತೇವೆ. ಅಂಗಳವು ಬೆಳಕಾಗುತ್ತದೆ, ನಾವೂ ಸಂತೋಷಪಡುತ್ತೇವೆ. ಮುಂಗಾರಿನ ನಾಲ್ಕು ಹನಿ ಬಿದ್ದ ಮೇಲೆ ಒಂದು ಕಾಂಡವಿದ್ದಲ್ಲಿ ಏಳೆಂಟು ಕಾಂಡಗಳು ಮುಳ್ಳುಸಹಿತವಾಗಿ ಏಳುತ್ತವೆ. ಇದಕ್ಕೆ ಕಾರಣವೇನಂದರೆ, ಕಾಂಡವೂ ಬೇರೂ ಕೂಡುವ ಬುಡದಲ್ಲಿ, ಮಣ್ಣಿನೊಳಗೆ, ಚಿಗುರುವ ಕಣ್ಣುಗಳು ಅಡಗಿರುತ್ತವೆ. ಕೊಡಲಿಯು ಅವುಗಳನ್ನು ಮುಟ್ಟುವದಿಲ್ಲ. ಆದಕಾರಣ ಹಾರೆ ಗುದ್ದಲಿಗಳಿಂದ ಸುತ್ತಲೂ ಒಂದು ಅಡಿಗಿಂತ ತುಸು ಆಳಕ್ಕೆ ಅಗೆದು, ಆ ಕಣ್ಣುಗಳ ಕೆಳಗೆ ಬೇರನ್ನು ಕತ್ತರಿಸಿ, ಬುಡವನ್ನು ಇಡಿಯಾಗಿ ಎತ್ತಿ ಹಾಕಬೇಕು. ಅದರ ತಾಯಿಬೇರು ಬಹಳ ಆಳಕ್ಕೆ ಹೋಗಿರುತ್ತದೆ, ನಿಜ. ಆದರೆ ಅದರ ತುದಿಯ ತನಕ ಅಗೆಯುವ ಅಗತ್ಯವಿಲ್ಲ. ಚಿಗುರುವ ಭಾಗವು ಹೋದ ಮೇಲೆ ಉಳಿದ ಬೇರು ಅಲ್ಲಿಯೇ ಕೊಳೆಯುತ್ತದೆ.

ಈ ಮಾತನ್ನು ಸ್ವಲ್ಪ ನಿಂತು ಯೋಚಿಸಿರಿ. ಕರ್ತನ ಭೋಜನಕ್ಕೆ ಮುಂಚೆ ಜಗಳವಾಡಿದ ಇಬ್ಬರು ಅಣ್ಣತಮ್ಮಂದಿರನ್ನು ಹಿರಿಯರು ಕರೆದು ಕೈಹಿಡಿಸುತ್ತಾರೆ, ಭೋಜನವಾಗುತ್ತದೆ, ಬಿತ್ತನೆಯ ಕಾಲಕ್ಕೆ ಅದೇ ಬದುವಿನ ಮೇಲೆ ಮತ್ತೆ ಬೈಗುಳವೇಳುತ್ತದೆ. ಇದು ಕೊಡಲಿಯ ಕೆಲಸ. ಇನ್ನು ಕೆಲವು ಪಂಚಾಯಿತಿಗಳಲ್ಲಿ ಅಜ್ಜನ ಕಾಲದಲ್ಲಿ ಯಾರು ಯಾರಿಗೆ ಏನಂದರೆಂಬದನ್ನೆಲ್ಲಾ ಕೆದಕಿ, ರಾತ್ರಿ ಕಳೆದು, ಗುಣಿಯು ಬಾವಿಯಷ್ಟು ಆಳವಾದರೂ ಬುಡ ಮಾತ್ರ ದಡದಲ್ಲಿ ಹಾಗೆಯೇ ನಿಂತಿರುತ್ತದೆ. ಇದೂ ವ್ಯರ್ಥ. ಕೇಳತಕ್ಕದ್ದು ಒಂದೇ: ಈ ಹಗೆಯು ಎಲ್ಲಿಂದ ಚಿಗುರುತ್ತಾ ಇದೆ? ಒತ್ತಿಕೊಂಡ ಎರಡು ಮೊಳ ನೆಲದಿಂದಲೇ? ತಂಗಿಗೆ ಕೊಡದೆ ಇಟ್ಟುಕೊಂಡ ತಾಯಿಯ ಕೊಡದಿಂದಲೇ? ಹಗ್ಗ ಹಿಡಿದು ಅಳೆದು ನೆಲವನ್ನು ಬಿಟ್ಟುಕೊಡಿರಿ. ಕೊಡವನ್ನು ಹೊತ್ತುಕೊಂಡು ಹೋಗಿ ತಂಗಿಯ ಮನೆಯಲ್ಲಿ ಇಳಿಸಿರಿ. ಪ್ರಾರ್ಥನೆಯು ಇದಕ್ಕೆ ಬದಲಾಗಲಾರದು. ಇದನ್ನು ಮಾಡುವದಕ್ಕೆ ಬಲವನ್ನು ಬೇಡುವದೇ ಪ್ರಾರ್ಥನೆ.

ಆದರೆ ಅಗೆಯುವ ಉತ್ಸಾಹದಲ್ಲಿ ಸಿಕ್ಕಿದ್ದನ್ನೆಲ್ಲಾ ಕೀಳಬಾರದು. ಕರ್ತನ ಸಾಮ್ಯದಲ್ಲಿ ಮೂರು ವರ್ಷ ಫಲ ಕೊಡದ ಅಂಜೂರಕ್ಕಾಗಿ ತೋಟಗಾರನು ಇನ್ನೊಂದು ವರ್ಷ ಬೇಡಿಕೊಂಡು, ಸುತ್ತಲೂ ಅಗೆದು ಗೊಬ್ಬರ ಹಾಕುವೆನೆಂದನು. ಅದು ಒಳ್ಳೇ ಜಾತಿಯ ಮರ. ಫಲ ಮಾತ್ರ ಇರಲಿಲ್ಲ. ಕೀಳುವದಕ್ಕೂ ಉಳಿಸುವದಕ್ಕೂ ಗುದ್ದಲಿ ಒಂದೇ. ಭೇದವನ್ನು ತಿಳಿಯಬೇಕಾದವನು ಅಗೆಯುವವನು. ಕುಡಿತದ ಬುಡವನ್ನು ಕೀಳಿರಿ. ಮಂದಬುದ್ಧಿಯವನೆಂದು ನೀವು ಬೈಯುವ ಮಗನ ಬುಡಕ್ಕೆ ಗೊಬ್ಬರ ಹಾಕಿರಿ. ಹಿತ್ತಲಿನಲ್ಲಿಯೂ ಹಾಗೆಯೇ: ಬೇವು ಹೊಂಗೆಗಳು ಹಣ್ಣು ಕೊಡುವದಿಲ್ಲವೆಂದು ಅವುಗಳ ನೆರಳನ್ನು ಕಡಿಯಬೇಡಿರಿ.

ಬುಡ ತೆಗೆದ ಗುಣಿಯನ್ನು ಬರಿದಾಗಿ ಬಿಡುವದು ದೊಡ್ಡ ತಪ್ಪು. ಗುಡಿಸಿ ಬರಿದಾಗಿ ಬಿಟ್ಟ ಮನೆಗೆ ಹೊರಟುಹೋದ ದೆವ್ವವು ಇನ್ನೇಳನ್ನು ಕರಕೊಂಡು ಬಂದ ಸಂಗತಿಯನ್ನು ಬಲ್ಲಿರಿ. ಮಾವಿಗಾದರೆ ಮೂರು ಅಡಿ ಉದ್ದ, ಅಗಲ, ಆಳಕ್ಕೆ ಗುಣಿಯನ್ನು ಹಿಗ್ಗಿಸಿ, ಕೆಲವು ವಾರ ಬಿಸಿಲು ಕಾಣಲು ಬಿಡಿರಿ. ಮೇಲ್ಮಣ್ಣನ್ನೂ ಕೊಟ್ಟಿಗೆಗೊಬ್ಬರವನ್ನೂ ಬೆರಸಿ ತುಂಬಿಸಿ, ಮಳೆ ಹಿಡಿದ ಮೇಲೆ ಕಸಿಯ ಗಿಡವನ್ನು ನೆಡಿರಿ. ಕಸಿಯ ಗಂಟು ಮಣ್ಣಿಗಿಂತ ಮೇಲೆ ಇರಲಿ; ಗಂಟಿನ ಕೆಳಗೆ ಚಿಗುರು ಬಂದರೆ ಚಿವುಟಿರಿ, ಅದು ಕಾಡುಮಾವಿನದು. ನೀರಿನ ಅನುಕೂಲವಿಲ್ಲದ ಮನೆಯವರು ಸೀತಾಫಲ, ನೆಲ್ಲಿ, ಬೋರೆಗಳನ್ನು ಹಾಕಲಿ. ಅವು ಬಡವರ ಸ್ನೇಹಿತರು.

ಗೊಬ್ಬರದ ವಿಷಯವಾಗಿ ಒಂದು ಎಚ್ಚರಿಕೆ. ಜಾಲಿಯ ಕಾಯಿ ತಿಂದ ದನದ ಸಗಣಿಯಲ್ಲಿ ಬೀಜವು ಸಾಯದೆ ಬರುತ್ತದೆ. ಚೆನ್ನಾಗಿ ಕಳಿಯದ ಗೊಬ್ಬರವನ್ನು ಹಾಕಿದರೆ ಮಾವಿನ ಗುಣಿಯಲ್ಲಿಯೇ ಜಾಲಿ ಮೊಳೆಯುತ್ತದೆ! ಮೊದಲಿನ ಮಳೆಯಲ್ಲಿ ಅದು ಎರಡು ಬೆರಳಿಗೆ ಕಿತ್ತು ಬರುತ್ತದೆ. ಎರಡು ವರ್ಷ ಬಿಟ್ಟರೆ ಮತ್ತೆ ಹಾರೆಯೇ ಬೇಕು.

ಕಸಿಯ ಮಾವು ಎಳೆಯದರಲ್ಲಿಯೇ ಹೂ ಬಿಡುವದುಂಟು. ಮಕ್ಕಳು ಕುಣಿಯುತ್ತಾರೆ. ಆದರೂ ಮೊದಲಿನ ಮೂರು ವರ್ಷ ಆ ಹೂವನ್ನು ಚಿವುಟಿ ಹಾಕಬೇಕೆಂದು ತೋಟಗಾರಿಕೆಯನ್ನು ಬಲ್ಲವರು ಹೇಳುತ್ತಾರೆ, ಇಲ್ಲವಾದರೆ ಗಿಡ ಬಲಗುಂದುವದು. ಮೋಶೆಯ ಮೂಲಕ ಇಸ್ರಾಯೇಲ್ಯರಿಗೆ ಬಂದ ಅಪ್ಪಣೆಯೂ ಇದಕ್ಕೆ ಬಹಳ ಹತ್ತಿರವಾಗಿದೆ: ನೆಟ್ಟ ಮರದ ಫಲವನ್ನು ಮೂರು ವರ್ಷ ಮುಟ್ಟಕೂಡದು, ನಾಲ್ಕನೆಯ ವರ್ಷದ್ದು ಕರ್ತನಿಗೆ, ಐದನೆಯದರಲ್ಲಿ ತಿನ್ನಬಹುದು. ಹೊಸದಾಗಿ ಸಮಾಧಾನವಾದ ಮನೆಗಳಿಂದಲೂ ಮರುದಿನವೇ ಹಣ್ಣನ್ನು ಕೇಳಬೇಡಿರಿ. ಅಣ್ಣನು ಮಾತನಾಡಿದನೇ, ಅತ್ತಿಗೆ ನಕ್ಕಳೇ ಎಂದು ದಿನವೂ ಇಣಿಕಿ ನೋಡುವದು ಎಳೇ ಗಿಡವನ್ನು ಕಿತ್ತು ಬೇರನ್ನು ನೋಡಿದ ಹಾಗೆ.

ಎರಡು ಮನೆಗಳ ನಡುವಿನ ಬೇಲಿಯಲ್ಲಿ ನಿಂತ ಜಾಲಿಯೇ ಕೀಳುವದಕ್ಕೆ ಎಲ್ಲಕ್ಕಿಂತ ಕಷ್ಟವಾದದ್ದು, ಯಾಕಂದರೆ ಅದು ಯಾರದೆಂದು ಯಾರೂ ಒಪ್ಪುವದಿಲ್ಲ. ಅಂಥದನ್ನು ಒಬ್ಬನೇ ಕೀಳಹೋಗಬೇಡ, ತಮ್ಮಾ. ಈ ಬೇಸಿಗೆಯಲ್ಲಿ ಒಂದು ಮುಂಜಾನೆ ನೆರೆಯವನ ಬಾಗಿಲಿಗೆ ಹೋಗಿ, ಹಾರೆಗೆ ಇನ್ನೊಂದು ಕೈ ಬೇಕಾಗಿದೆ ಎಂದು ಹೇಳು. ಗುಣಿಯಲ್ಲಿ ಯಾವ ಹಣ್ಣಿನ ಗಿಡ ಇಡೋಣವೆಂದು ಅವನನ್ನೇ ಕೇಳು.