ನನ್ನ ನೆಲ, ಅವರ ಸೂರು

ಕೋರಾಡಿಯ ನಮ್ಮ ಫ್ಲಾಟಿಗೆ ಹೊಸ ನೆಲ ಹಾಕಿಸಬೇಕು. ಟೈಲ್ಸ್ ಅಡಿಗೆ ರಬ್ಬರ್ ಹಾಸು ಕೊಟ್ಟರೆ ಹೆಜ್ಜೆಸದ್ದು, ಕುರ್ಚಿ ಎಳೆದ ಸದ್ದು ಸ್ಲ್ಯಾಬಿಗೆ ಇಳಿಯುವುದು ಕಡಿಮೆ. ಗೋಡೆಯಂಚಿಗೂ ಮೆತ್ತನೆಯ ಪಟ್ಟಿ ಬೇಕು. ಟೈಲ್ಸ್ ಗೋಡೆಗೆ ತಾಗಿದರೆ ಸದ್ದು ಆ ದಾರಿ ಹಿಡಿಯುತ್ತದೆ. ಖರ್ಚು ನನ್ನದು, ನೆಮ್ಮದಿ ಕೆಳಗಿನ ಮನೆಯವರದು. ಹಾಗಾದರೆ ಇದು ಉಪಕಾರವೋ, ಋಣವೋ?

ಅವರು ಇಲ್ಲಿನ ವಿದ್ಯುತ್ ಸ್ಥಾವರದಲ್ಲಿ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರು. 2000ದ ಶಬ್ದಮಾಲಿನ್ಯ ನಿಯಮ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಇಟ್ಟಿದೆ. ಹಗಲೇ ರಾತ್ರಿಯಾದವರ ಲೆಕ್ಕ ಅದರಲ್ಲಿಲ್ಲ. ನಡುರಾತ್ರಿಯ ಅಮೆರಿಕ ಕಾಲ್‌ಗೆ ನನಗೆ ಕರೆಂಟು ಇರುವುದು ಅಂಥವರು ಎಚ್ಚರವಿರುವುದರಿಂದ. ಋಣ ಎಂದೇ ನನ್ನೆಣಿಕೆ. ಹಾಲ್‌ಗೆ ನೋಡಿಟ್ಟಿದ್ದ ಮಾರ್ಬಲ್ ಬಿಟ್ಟು, ಮೊದಲು ಅವರು ಮಲಗುವ ಕೋಣೆಯ ಮೇಲ್ಭಾಗಕ್ಕೆ ರಬ್ಬರ್ ಹಾಕಿಸುತ್ತಿದ್ದೇನೆ.