ಅಂತರವಿದ್ದಷ್ಟೇ ವೇಗ

ಒಬ್ಬ ಮನುಷ್ಯ ಪ್ರಾಮಾಣಿಕವಾಗಿ, ದಣಿಯದೆ ದುಡಿದೂ ಸದಾ ಹಿಂದೆಯೇ ಉಳಿದರೆ ತಪ್ಪು ಯಾರದು? ನೀತಿಯ ಈ ಪ್ರಶ್ನೆಗೆ ನಾನು ಓದುತ್ತಿರುವ ನಿಯಂತ್ರಣ ಸಿದ್ಧಾಂತದಲ್ಲೊಂದು ಉತ್ತರವಿದೆ.

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೊರಟ ಬಸ್ಸನ್ನು ಬೈಕಿನವನೊಬ್ಬ ಹಿಂಬಾಲಿಸುತ್ತಿದ್ದಾನೆ ಎಂದುಕೊಳ್ಳಿ. ಅವನಿಗೆ ಗೊತ್ತಿರುವುದು ಒಂದೇ ನಿಯಮ: ಅಂತರ ಎಷ್ಟಿದೆಯೋ ಅದಕ್ಕೆ ತಕ್ಕಷ್ಟು ವೇಗ. ಬಸ್ಸು ತೆರಕಣಾಂಬಿಯಲ್ಲಿ ನಿಂತುಬಿಟ್ಟರೆ ಅವನು ನಿಧಾನವಾಗಿಯಾದರೂ ಅದನ್ನು ಮುಟ್ಟುತ್ತಾನೆ. ಬಸ್ಸು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡುತ್ತಲೇ ಇದ್ದರೆ? ಇವನ ವೇಗವೂ 40ಕ್ಕೆ ಬಂದು ನೆಲೆಸುತ್ತದೆ. ಅಂತರ ಮಾತ್ರ ಗುಂಡ್ಲುಪೇಟೆಯವರೆಗೂ ಹಾಗೆಯೇ ಇರುತ್ತದೆ. ಏಕೆಂದರೆ ಅವನ ವೇಗ ಹುಟ್ಟುವುದೇ ಅಂತರದಿಂದ; ಅಂತರ ಅಳಿದರೆ ವೇಗವೂ ಅಳಿಯುತ್ತದೆ. ಅಷ್ಟೇ ಅಂತರಕ್ಕೆ ಇನ್ನೂ ಜೋರಾಗಿ ಓಡಿಸಿದರೆ ಅದು ಕಿರಿದಾದೀತು, ಇಲ್ಲವಾಗದು.

ಇಲ್ಲಿ ಸೋಮಾರಿತನವಿಲ್ಲ, ಕೊರತೆ ಇರುವುದು ನಿಯಮದಲ್ಲಿ. 1976ರಲ್ಲಿ ಫ್ರಾನ್ಸಿಸ್ ಮತ್ತು ವೊನ್‌ಹ್ಯಾಮ್ ಎಂಬಿಬ್ಬರು ಇದನ್ನು ಗಣಿತದಲ್ಲಿ ತೋರಿಸಿಕೊಟ್ಟರು. ಚಲಿಸುವ ಗುರಿಯನ್ನು ಯಾವ ಏರುಪೇರಿನಲ್ಲೂ ತಪ್ಪದೆ ಅನುಸರಿಸಬೇಕಾದರೆ, ಆ ಚಲನೆಯ ಮಾದರಿ ಅನುಸರಿಸುವವನ ಒಳಗೇ ಇರಬೇಕು. ಅಂದರೆ ಅಂತರ ಸೊನ್ನೆಯಾದಾಗಲೂ 40ರಲ್ಲಿ ಓಡುತ್ತಿರಲು ಅವನಿಗೆ ತಿಳಿದಿರಬೇಕು.

2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಾಯಿತು. ಒಂದೇ ದಿನದೊಳಗೆ 24 ರೋಗಿಗಳು ಸತ್ತ ಸುದ್ದಿ ದೇಶವನ್ನೆಲ್ಲ ಮುಟ್ಟಿತು. ಅವರಲ್ಲಿ ಕೊರತೆಯಿಂದಲೇ ಸತ್ತವರೆಷ್ಟು ಎಂಬ ವಾದ ಆಮೇಲೆ ನಡೆಯಿತು. ಆ ರಾತ್ರಿಯ ಹೊಣೆಯೆಲ್ಲ ಒಂದು ಸಮೀಕರಣದಲ್ಲಿ ಹಿಡಿಸುವಂಥದ್ದಲ್ಲ. ಆದರೂ ಒಂದು ಮಾತು ಹೇಳಬಹುದು. ಆ ದಿನಗಳಲ್ಲಿ ಬೇಡಿಕೆ ನಿಂತ ಬಸ್ಸಾಗಿರಲಿಲ್ಲ, ದಿನದಿನಕ್ಕೂ ಏರುತ್ತಿತ್ತು. ಕಡಿಮೆಯಾದಷ್ಟನ್ನು ತರಿಸಿಕೊಳ್ಳುವ ಏರ್ಪಾಡು ಇಂಥ ಏರಿಕೆಯ ಮುಂದೆ ಎಷ್ಟು ಶ್ರದ್ಧೆಯಿಂದ ನಡೆದರೂ ಒಂದು ಹೆಜ್ಜೆ ಹಿಂದೆಯೇ ಇರುತ್ತದೆ. ರಸ್ತೆಯಲ್ಲಿ ಆ ಹೆಜ್ಜೆ ಕೆಲವು ಮೀಟರು. ವಾರ್ಡಿನಲ್ಲಿ ಅದು ಉಸಿರು.

ಹಾಗಾದರೆ ತಪ್ಪು ವ್ಯವಸ್ಥೆಯದು, ಮನುಷ್ಯರದಲ್ಲ ಎಂದು ಕೈತೊಳೆದುಕೊಳ್ಳಬಹುದೇ? ಇಲ್ಲ. ಬೈಕಿನವನಿಗೆ ಆ ನಿಯಮವನ್ನು ಯಾರೋ ಕೊಟ್ಟಿದ್ದಾರೆ. ಬೇರೆ ನಿಯಮ ಕೊಡುವುದು ಕಷ್ಟವೇಕೆಂದರೆ, ಕೊರತೆ ಕಾಣದಿರುವಾಗ ಮಾಡುವ ಕೆಲಸ ಯಾವಾಗಲೂ ದಂಡವೆನಿಸುತ್ತದೆ. ಸಿಲಿಂಡರ್ ತುಂಬಿರುವಾಗ ಇನ್ನಷ್ಟು ತರಿಸಿದವನನ್ನು ಲೆಕ್ಕ ಕೇಳುತ್ತೇವೆ. ಖಾಲಿಯಾದಾಗ ನಡುರಾತ್ರಿ ಓಡಾಡಿದವನಿಗೆ ಹಾರ ಹಾಕುತ್ತೇವೆ. ಓಡಾಡಿದವನು ಒಳ್ಳೆಯವನೇ. ಆದರೆ ಸಂಕಟ ಕಂಡ ಮೇಲೆ ಚುರುಕಾಗುವ ಒಳ್ಳೆಯತನಕ್ಕೆ ಚುರುಕಾಗಿರಲು ಸಂಕಟ ಬೇಕೇ ಬೇಕು.

ಕರುಣೆ ಅಂತರವನ್ನು ನೋಡಿ ಓಡುತ್ತದೆ. ಹೊಣೆಗಾರಿಕೆ ಅಂತರವಿಲ್ಲದಾಗಲೂ ಓಡುತ್ತಿರಬೇಕು. ಶ್ರಮವನ್ನಷ್ಟೇ ಅಳೆದು ಮೆಚ್ಚುವ ನಮ್ಮ ಅಭ್ಯಾಸಕ್ಕೆ ಈ ಎರಡನೆಯದು ಕಾಣುವುದೇ ಇಲ್ಲ, ಏಕೆಂದರೆ ಅದು ಸರಿಯಾಗಿ ನಡೆದ ದಿನ ಏನೂ ಆಗಿರುವುದಿಲ್ಲ.